ಅಡಿಗಲ್ಲು ಬಾಯಿಬಿಟ್ಟಿತು

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. ಈ ನಾಲ್ಕರಲ್ಲಿ ಯಾವುದೋ ಒಂದು ಊರಿನ ಮೈದಾನದ ಮೂಲೆಯಲ್ಲಿ ಒಂದು ಅಡಿಗಲ್ಲಿದೆ. ಯಾವ ಊರೆಂದು ಹೇಳುವಂತಿಲ್ಲ. ಹೇಳಿದರೆ ಆ ಊರಿನವರು ಮಾನ ಹೋಯಿತೆನ್ನುತ್ತಾರೆ. ಉಳಿದ ಮೂರು ಊರಿನವರು ‘ನಮ್ಮಲ್ಲಿ ಅಡಿಗಲ್ಲೂ ಹಾಕಿಲ್ಲ’ ಎಂದು ಧರಣಿ ಕೂರುತ್ತಾರೆ. ಫುಟ್‌ಬಾಲ್ ಮೈದಾನದ ಗ್ಯಾಲರಿ ವಿಸ್ತರಣೆಗೆ ಗುದ್ದಲಿ ಪೂಜೆಯಾದ ದಿನ ನೆಟ್ಟ ಕಲ್ಲು ಅದು. ಗ್ಯಾಲರಿ ಇನ್ನೂ ಬಂದಿಲ್ಲ. ಯಾಕೆ ಬಂದಿಲ್ಲ ಎಂಬ ಚರ್ಚೆ ಮಾತ್ರ ಪ್ರತಿ ಭಾನುವಾರ ಸಂಜೆ ಆಟ ಮುಗಿದೊಡನೆ ಅದೇ ಕಲ್ಲಿನ ಸುತ್ತ, ಒಗ್ಗರಣಿ-ಮಿರ್ಚಿ ಪೊಟ್ಟಣ ಬಿಚ್ಚಿಕೊಂಡು, ತಪ್ಪದೆ ನಡೆಯುತ್ತದೆ. ಅಭಿಮಾನಿಗಳನ್ನು ಕೇಳಿದ್ದಾಯಿತು, ಅಧಿಕಾರಿಗಳನ್ನು ಕೇಳಿದ್ದಾಯಿತು. ಇಬ್ಬರ ಮಾತನ್ನೂ ಕೂತಲ್ಲೇ ಕೇಳಿಸಿಕೊಂಡ ಕಲ್ಲನ್ನು ಯಾರೂ ಕೇಳಿರಲಿಲ್ಲ.

ಪ್ರಶ್ನೆ: ನಮಸ್ಕಾರ. ಮೊದಲು ತಮ್ಮ ಪರಿಚಯ.

ಅಡಿಗಲ್ಲು: ಶರಣ್ರಿ. ಪರಿಚಯ ಎದಿ ಮ್ಯಾಲೇ ಕೆತ್ಯಾರ, ಓದ್ಕೊಳ್ರಿ. ಮ್ಯಾಲಿನ ಸಾಲಿನಾಗ ಕಾಮಗಾರಿ ಹೆಸರು. ಅದರ ಕೆಳಗ ನೆರವೇರಿಸಿದವರು, ಅದರ ಕೆಳಗ ಅಧ್ಯಕ್ಷತೆ, ಆಮ್ಯಾಲೆ ಘನ ಉಪಸ್ಥಿತಿ, ಮುಖ್ಯ ಅತಿಥಿಗಳು, ವಿಶೇಷ ಆಹ್ವಾನಿತರು. ಕೆಳಗಿಳದಂಗ ಅಕ್ಷರ ಸಣ್ಣ ಆಗ್ಯಾವ. ಕಡೀಕ ಒಬ್ಬರ ಹೆಸರು ನನ್ನ ಅಂಚಿನಾಗ ಅರ್ಧ ಸಿಮೆಂಟಿನೊಳಗ ಹೋಗೇತಿ. ಅವರು ಪೂಜೆ ದಿನ ಶಿಷ್ಟಾಚಾರ ಉಲ್ಲಂಘನೆ ಆತು ಅಂತ ಊಟ ಬಿಟ್ಟು ಎದ್ದು ಹೋದ್ರು. ಈಗ ನೀವು ಒಂದು ಕೆಲಸ ಮಾಡ್ರಿ. ಫುಟ್‌ಬಾಲ್ ಅನ್ನೋ ಪದ ನನ್ನ ಮ್ಯಾಲೆ ಎಲ್ಲೈತಿ ಹುಡುಕ್ರಿ.

ಪ್ರಶ್ನೆ: ಕಾಣುತ್ತಿಲ್ಲ.

ಅಡಿಗಲ್ಲು: ಇದ್ರ ಕಾಣತೈತಿ. ‘ವಿವಿಧೋದ್ದೇಶ ಕ್ರೀಡಾ ಮೂಲಸೌಕರ್ಯ ವಿಸ್ತರಣೆ’ ಅಂತ ಬರದಾರ. ವಿವಿಧ ಉದ್ದೇಶ ಏನೇನು ಅಂತ ನಾ ಇಲ್ಲೇ ಕುಂತು ನೋಡೀನಿ. ಆಗಸ್ಟ್ 15ಕ್ಕ ಧ್ವಜಾರೋಹಣ. ಸೆಪ್ಟೆಂಬರ್ 17ಕ್ಕ ಕಲ್ಯಾಣ ಕರ್ನಾಟಕ ಉತ್ಸವ. ನವೆಂಬರ್ 1ಕ್ಕ ರಾಜ್ಯೋತ್ಸವ. ನಡುವ ಕೃಷಿ ಮೇಳ, ಪಕ್ಷದ ಸಮಾವೇಶ, ಟೆನಿಸ್ ಬಾಲ್ ಕ್ರಿಕೆಟ್ಟು. ದೊಡ್ಡವರು ಬಂದ್ರ ಹೆಲಿಪ್ಯಾಡು. ಒಮ್ಮೆ ಹೆಲಿಕಾಪ್ಟರ್ ಇಳಿಸಾಕ ಮೈದಾನದ ನಟ್ಟನಡುವ ಸುಣ್ಣದಾಗ ದುಂಡಗ ಗೆರಿ ಹೊಡದು ಒಳಗ ‘ಎಚ್’ ಬರದು ಹೋದ್ರು. ಹುಡುಗ್ರು ಅದನ್ನ ಸೆಂಟರ್ ಸರ್ಕಲ್ ಮಾಡ್ಕೊಂಡು ಮಳಿ ಬರೋ ಮಟ ಆಡಿದ್ರು. ಈ ಮೈದಾನಕ್ಕ ಅಧಿಕೃತವಾಗಿ ಎಳದ ಗೆರಿ ಅಂದ್ರ ಅದೊಂದ.

ಪ್ರಶ್ನೆ: ತಮ್ಮ ಮನೆತನ?

ಅಡಿಗಲ್ಲು: ಇಳಕಲ್ ಗ್ರಾನೈಟಿನ ಕುಲ, ಕುಷ್ಟಗಿ ಸೀಮಿ ಕ್ವಾರಿ. ನಮ್ಮ ಬಳಗದವರೆಲ್ಲ ಹೆಸರು ಮಾಡ್ಯಾರ್ರಿ. ಗಂಗಾವತಿ ಹತ್ರ ಹಿರೇಬೆಣಕಲ್ ಗುಡ್ಡದ ಮ್ಯಾಲೆ ನಮ್ಮ ಹಿರೇರು ಅದಾರ. ಕಬ್ಬಿಣ ಯುಗದ ಮಂದಿ ಚಪ್ಪಡಿ ನಿಲ್ಲಿಸಿ, ಮ್ಯಾಲೊಂದು ಚಪ್ಪಡಿ ಹೊಚ್ಚಿ ಕಟ್ಟಿದ ಕಲ್ಮನಿಗಳು, ನೂರಾರು. ಸುತ್ತಿನ ಹಳ್ಳಿಯವರು ಮೋರ್ಯರ ಮನಿ ಅಂತಾರ. 2021ರಾಗ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಹೆಸರು ಹೋತು. ಅಲ್ಲೊಂದು ನಗಾರಿ ಗುಂಡು ಐತಿ. ಬಡದ್ರ ದೂರದ ಮಟ ದನಿ ಹೋಗತೈತಿ. ಅಂದ್ರ ಏನಾತು? ಈ ಸೀಮಿಗೆ ಅಭಿಮಾನಿಗಳ ಡೋಲು ಎರಡು ಸಾವಿರ ವರ್ಷಕ್ಕೂ ಮೊದಲ ಬಂದೈತಿ. ಗ್ಯಾಲರಿಗೆ ಮಾತ್ರ ಇನ್ನೂ ಅನುದಾನ ಬರಬೇಕು.

ಪ್ರಶ್ನೆ: ಇಟಗಿಯ ಮಹಾದೇವ ದೇವಾಲಯ ಕೂಡ ನಿಮ್ಮವರದೇ ಅಲ್ಲವೇ?

ಅಡಿಗಲ್ಲು: ಹೌದು, ಹಳೇ ಯಲಬುರ್ಗಾ ತಾಲೂಕಿನವರು. ಆದ್ರ ಅವರು ಸಾಬೂನುಗಲ್ಲು, ನಾವು ಗ್ರಾನೈಟು. ಬೀಗರು ಅನ್ರಿ. ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಅನ್ನಾಂವ ಕಟ್ಟಿಸಿದ. 1112ರ ಶಾಸನ ಐತಿ ಅಲ್ಲೆ, ಗುಡಿಯನ್ನ ದೇವಾಲಯ ಚಕ್ರವರ್ತಿ ಅಂತ ಹೊಗಳೇತಿ. ಹೊಗಳಲಿ ಬಿಡ್ರಿ, ಗುಡಿ ಎದುರಿಗೇ ಐತಲ್ಲ! ಓದಿದವರು ತಲಿ ಎತ್ತಿ ನೋಡಿದ್ರ ಶಾಸನ ಹೇಳಿದ್ದು ಕಣ್ಣಿಗೆ ಬೀಳತೈತಿ. ನನ್ನ ಓದಿ ತಲಿ ಎತ್ತಿ ನೋಡ್ರಿ. ಏನು ಕಾಣತೈತಿ?

ಪ್ರಶ್ನೆ: ಜಾಲಿ ಗಿಡ. ಅದಕ್ಕೆ ಕಟ್ಟಿದ ಒಂದು ಎಮ್ಮೆ.

ಅಡಿಗಲ್ಲು: ಹಾಂ. ನೀಲನಕ್ಷೆಯೊಳಗ ಅದು ವಿಐಪಿ ಗ್ಯಾಲರಿ. ಎಮ್ಮಿಗೆ ಗೊತ್ತಿಲ್ಲ.

ಪ್ರಶ್ನೆ: ಭಾನುವಾರದ ಚರ್ಚೆಯಲ್ಲಿ ಯಾರು ಏನು ಹೇಳುತ್ತಾರೆ?

ಅಡಿಗಲ್ಲು: ನಾಲ್ಕು ಮಂದಿ ಕಾಯಂ. ಕೊಪ್ಪಳದಾಂವ ಬೆಂಗಳೂರು ಎಫ್‌ಸಿ ನೀಲಿ ಅಂಗಿ. ಜಿಲ್ಲಾ ಕೇಂದ್ರ ನಮ್ಮದು, ಮೊದಲು ನಮ್ಮ ಕಡೆ ಸ್ಟ್ಯಾಂಡು ಏಳಬೇಕು ಅಂತಾನ. ಗಂಗಾವತಿಯಾಂವ ಬಾರ್ಸಿಲೋನಾ ಅಂಗಿ. ಭತ್ತದ ನಾಡಿನಾಂವ, ರೊಕ್ಕ ನಮ್ಮಲ್ಲೇ ಹುಟ್ಟತೈತಿ, ನಮಗ ಬ್ಯಾರೆ ಕಿಷ್ಕಿಂಧಾ ಜಿಲ್ಲಾ ಆಗಲಿ, ನಮ್ಮ ಸ್ಟೇಡಿಯಂ ನಾವೇ ಕಟ್ಕೋತೀವಿ ಅಂತಾನ. ಕುಷ್ಟಗಿಯಾಂವ ಲಿವರ್‌ಪೂಲ್. ನಮ್ಮ ಕಲ್ಲು ಲಾರಿ ಮ್ಯಾಲೆ ದೇಶ ಎಲ್ಲಾ ಸುತ್ತತೈತಿ, ನಮ್ಮ ಊರಿನ ಮೆಟ್ಟಲಕ್ಕ ಮಾತ್ರ ಕಲ್ಲಿಲ್ಲ ಅಂತಾನ. ಯಲಬುರ್ಗಾದಾಂವ ಬನಿಯನ್ ಮ್ಯಾಲೆ ಸ್ಕೆಚ್ ಪೆನ್ನಿಲೆ 10 ಅಂತ ಬರಕೊಂಡಾನ. ಅಂವ ಕಡೀಕ ಮಾತಾಡ್ತಾನ: ‘ಮೊದಲ ಕೃಷ್ಣಾ ಬಿ ಸ್ಕೀಮಿನ ನೀರು ಬರಲಿ ತಮ್ಮಾ, ಆಮ್ಯಾಲೆ ನಿನ್ನ ಗ್ಯಾಲರಿ.’ ಆಗ ಮೂವರೂ ಒಮ್ಮೆ ಸುಮ್ನಾಗ್ತಾರ. ಮಿರ್ಚಿ ತಿನ್ನಾಕ ಅದ ಸಮಯ.

ಪ್ರಶ್ನೆ: ಒಮ್ಮತಕ್ಕೆ ಬಂದದ್ದೇ ಇಲ್ಲವೇ?

ಅಡಿಗಲ್ಲು: ಒಂದು ವಿಷಯದಾಗ ಬಂದಾರ. ಮೂರು ಪಕ್ಷದವರು ಮೂರು ಮಂದಿ ಅದಾರ ಅವರೊಳಗ, ನಾಲ್ಕನೇದಾಂವ ಯಾರ ಗೆದ್ರೂ ಅವರ ಪಕ್ಷ. ವಿಳಂಬಕ್ಕ ಹಿಂದಿನ ಸರ್ಕಾರ ಕಾರಣ ಅನ್ನೋದನ್ನ ನಾಲ್ವರೂ ಒಪ್ಯಾರ. ಹಿಂದಿನ ಸರ್ಕಾರ ಅಂದ್ರ ಯಾವುದು ಅನ್ನೋದು ಮುಂದಿನ ಭಾನುವಾರದ ವಿಷಯ.

ಪ್ರಶ್ನೆ: ನಿಜವಾದ ಕಾರಣ ನಿಮಗೆ ಗೊತ್ತಿರಬೇಕು. ಹೇಳಿ.

ಅಡಿಗಲ್ಲು: ಕಾರಣ ಒಂದ ಇದ್ರ ಹೇಳಬಹುದಿತ್ತು. ಮೊದಲು ಅಂದಾಜು ಪತ್ರಿಕೆ ಆತು. ಅದು ಆಡಳಿತಾತ್ಮಕ ಅನುಮೋದನೆಗೆ ಹೋತು. ಅನುಮೋದನೆ ಆಗಿ ತಾಂತ್ರಿಕ ಮಂಜೂರಾತಿಗೆ ಹೋಗೋದ್ರೊಳಗ ದರಪಟ್ಟಿ ಬದಲಾತು. ಹಳೇ ದರಕ್ಕ ಟೆಂಡರ್ ಕರದ್ರ ಯಾರೂ ಬರಲಿಲ್ಲ. ಹೊಸ ದರಕ್ಕ ಅಂದಾಜು ತಿದ್ದಿದ್ರ ಮೊದಲಿನ ಅನುಮೋದನೆ ಮೊತ್ತ ಮೀರಿತು. ಮೀರಿದ್ದಕ್ಕ ಮತ್ತ ಅನುಮೋದನೆ. ಅದು ಬರೋದ್ರೊಳಗ ಮತ್ತ ದರಪಟ್ಟಿ. ಯಾರೂ ತಪ್ಪು ಮಾಡಿಲ್ಲ ನೋಡ್ರಿ. ಎಲ್ಲಾ ನಿಯಮದ ಪ್ರಕಾರ ನಡದೈತಿ. ನಿಯಮ ಮುರಿದವರನ್ನ ಹಿಡಿಯಾಕ ದಾರಿ ಅದಾವ. ನಿಯಮ ಪಾಲಿಸಿಕೋತ ಕುಂತವರನ್ನ ಹೆಂಗ ಹಿಡೀತೀರಿ?

ಪ್ರಶ್ನೆ: ಟೆಂಡರ್ ಇಲ್ಲದೆ ನೇರವಾಗಿ ಕೊಡುವ ದಾರಿಯೂ ಇದೆಯಲ್ಲ?

ಅಡಿಗಲ್ಲು: 4ಜಿ ವಿನಾಯಿತಿ ಕೇಳ್ತೀರಿ. 1999ರ ಪಾರದರ್ಶಕ ಕಾಯ್ದೆಯೊಳಗ 4ನೇ ಕಲಮಿನ ‘ಜಿ’. ಆ ಮಾತೂ ಇಲ್ಲೇ ಆತು. ಕೊಪ್ಪಳದ ಹುಡುಗ ಅಂದ, ‘ಮೊಬೈಲಿಗೆ 5ಜಿ ಬಂದೈತಿ, ನಮ್ಮ ಕಾಮಗಾರಿ ಇನ್ನೂ 4ಜಿಗೆ ಕಾಯಾಕತ್ತೇತಿ.’ ಪಾರದರ್ಶಕ ಆಗಲಿ ಅಂತ ಕಾಯ್ದೆ ಮಾಡಿದ್ರು, ಅವಸರಕ್ಕ ಇರಲಿ ಅಂತ ಅದರೊಳಗ ಕಿಂಡಿ ಬಿಟ್ರು. ಕಿಂಡಿಯಾಗ ತೂರಾಕೂ ಸರತಿ ಸಾಲು ಐತ್ರಿ. ಫುಟ್‌ಬಾಲಿನವರು ಆ ಸಾಲಿನಾಗ ಭಾಳ ಹಿಂದ ಅದಾರ.

ಪ್ರಶ್ನೆ: ಚುನಾವಣೆ ಬಂದರೆ ಕೆಲಸ ಚುರುಕಾಗುತ್ತದೆ ಎನ್ನುತ್ತಾರೆ.

ಅಡಿಗಲ್ಲು: ಪೂಜೆ ಚುರುಕಾಗತಾವ. ಕೆಲಸ ನೀತಿ ಸಂಹಿತೆಯೊಳಗ ಸಿಕ್ಕೋತಾವ. ಎಣಿಸ್ರಿ. 2018ಕ್ಕ ವಿಧಾನಸಭಾ, 2019ಕ್ಕ ಲೋಕಸಭಾ, 2020ಕ್ಕ ಕೊರೋನಾ, ಅದ ವರ್ಷದ ಕಡೀಕ ಗ್ರಾಮ ಪಂಚಾಯ್ತಿ, 2023ಕ್ಕ ಮತ್ತ ವಿಧಾನಸಭಾ, 2024ಕ್ಕ ಮತ್ತ ಲೋಕಸಭಾ. ಸುರು ಆದ ಕೆಲಸ ನಿಲ್ಲಿಸಬೇಕಾಗಿಲ್ಲ ಅಂತ ಸಂಹಿತೆ ಹೇಳತೈತಿ. ನಮ್ಮದು ಸುರು ಆಗೇತೋ ಇಲ್ಲೋ ಅನ್ನೋದ ತೀರ್ಮಾನ ಆಗಲಿಲ್ಲ. ಪೂಜೆ ಆಗೇತಿ, ಅಂದ್ರ ಸುರು ಅಂದ್ರು ಒಬ್ಬರು. ಮಣ್ಣು ಎತ್ತಿಲ್ಲ, ಅಂದ್ರ ಸುರು ಇಲ್ಲ ಅಂದ್ರು ಇನ್ನೊಬ್ಬರು.

ಪ್ರಶ್ನೆ: ಆ ದಿನಗಳಲ್ಲಿ ನಿಮ್ಮ ಗತಿ?

ಅಡಿಗಲ್ಲು: ನನ್ನ ಮೈಮ್ಯಾಲೆ ರಾಜಕಾರಣಿಗಳ ಹೆಸರು ಅದಾವಲ್ರಿ, ಕಾಣಬಾರದು ಅಂತ ಗೋಂದು ಹಚ್ಚಿ ಹಳೇ ಪೇಪರ್ ಅಂಟಿಸ್ತಾರ. ಒಮ್ಮೆ ಕ್ರೀಡಾ ಪುಟಾನ ಅಂಟಿಸಿದ್ರು. ಅದರಾಗ ಒಂದು ಗೋಲ್‌ಕೀಪರ್ ಫೋಟೋ, ಗಾಳಿಯೊಳಗ ಅಡ್ಡಾಗಿ ಹಾರಿದ್ದ. ಮತದಾನ, ಎಣಿಕೆ ಎಲ್ಲಾ ಮುಗಿಯೋ ಮಟ ನಾ ಖರೇನ ಕ್ರೀಡಾ ಕಲ್ಲು ಆಗಿದ್ದೆ. ಫಲಿತಾಂಶ ಬಂದ ಮರುದಿನ ಪೇಪರ್ ಹರದು ಹೆಸರು ಕಾಣಂಗ ಮಾಡಿದ್ರು. ಗೋಲ್‌ಕೀಪರನ ಒಂದು ಕೈಗವಸು ಇನ್ನೂ ನನ್ನ ಬಲಮೂಲಿಗೆ ಅಂಟೇತಿ, ನೋಡ್ರಿ.

ಪ್ರಶ್ನೆ: ಬೆಂಗಳೂರಿನಲ್ಲಿ ಇಂಥ ಕಷ್ಟ ಇರಲಿಕ್ಕಿಲ್ಲ.

ಅಡಿಗಲ್ಲು: ಅಲ್ಲಿದು ಬ್ಯಾರೆ ಕಷ್ಟ. ಕಂಠೀರವ ಕ್ರೀಡಾಂಗಣ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕ ಎದ್ದಿದ್ದು. ಅದ ವರ್ಷ ರಾಯಚೂರಿನಿಂದ ಬ್ಯಾರೆ ಆಗಿ ಕೊಪ್ಪಳ ಜಿಲ್ಲಾ ಹುಟ್ಟಿತು. ಅವಳಿ ಜವಳಿ ಅನ್ರಿ, ಒಂದಕ್ಕ ಸಿಂಥೆಟಿಕ್ ಟ್ರ್ಯಾಕು, ಒಂದಕ್ಕ ಬರಗಾಲ. ಆ ಕಂಠೀರವದಾಗ 2014ರಿಂದ ಬೆಂಗಳೂರು ಎಫ್‌ಸಿ ಆಡಾಕತ್ತಿತು. ಸುತ್ತ ಓಡೋರ ಟ್ರ್ಯಾಕು, ನಡುವ ಒದಿಯೋರ ಹುಲ್ಲು. ಅಥ್ಲೀಟುಗಳು, ಕೋಚುಗಳು ‘ನಮಗ ತಾಲೀಮಿಗೆ ಜಾಗಾನ ಸಿಗವಲ್ದು’ ಅಂತ ಹೈಕೋರ್ಟ್ ಮೆಟ್ಟಲ ಹತ್ತಿದ್ರು. 2019ರಾಗ ಕ್ಲಬ್ಬಿನ ತವರು ಪಂದ್ಯ ಪುಣೆಗೆ ಹೋಗತಾವಂತ ಅನ್ನೋ ಸುದ್ದೀನೂ ಬಂತು. ಇಂಡಿಯನ್ ಸೂಪರ್ ಲೀಗ್ ಗೆದ್ದ ವರ್ಷಾನ ತಂಡಕ್ಕ ಮನಿ ಇಲ್ಲದಂಗಾಗಿತ್ತು. ಅಲ್ಲಿ ಒಂದು ಮೈದಾನಕ್ಕ ಎರಡು ಆಟದವರ ಜಗಳ. ಇಲ್ಲಿ ಒಂದು ಆಟದವರು ಹೆಲಿಕಾಪ್ಟರ್ ಜೋಡಿ ಜಗಳ ಮಾಡಬೇಕು.

ಪ್ರಶ್ನೆ: ನಮ್ಮ ಹುಡುಗರು ಅಲ್ಲಿಗೂ ಹೋಗುತ್ತಾರಂತೆ?

ಅಡಿಗಲ್ಲು: ಹಂಪಿ ಎಕ್ಸ್‌ಪ್ರೆಸ್ಸಿಗೆ ಹತ್ತಿ ಹೋಗ್ತಾರ. 2023ರ ಜೂನ್ 21ಕ್ಕ ಕಂಠೀರವದಾಗ ಭಾರತ ಪಾಕಿಸ್ತಾನಕ್ಕ 4–0 ಹೊಡೀತಲ್ಲ, ಮಳಿಯೊಳಗ ಸುನಿಲ್ ಛೇತ್ರಿ ಮೂರು ಗೋಲು. ಅವತ್ತು ಹೋದಾಂವ ಇನ್ನೂ ಅದ ಕಥಿ ಹೇಳ್ತಾನ. ಅದೇ ಛೇತ್ರಿ 2024ರ ಜೂನಿನಾಗ ರಾಷ್ಟ್ರೀಯ ತಂಡಕ್ಕ ವಿದಾಯ ಹೇಳಿದ, ಮಂದಿ ಅತ್ತರು, 2025ರ ಮಾರ್ಚಿನಾಗ ಮತ್ತ ವಾಪಸ್ ಬಂದ. ಒಬ್ಬ ಮನಷ್ಯಾ ನಿವೃತ್ತಿ ಆಗಿ, ಮನಿಗೆ ಹೋಗಿ, ತಿರುಗಿ ಬಂದು ಗೋಲ್ ಹೊಡದ. ನಮ್ಮ ಕಡತ ಇನ್ನೂ ಅದ ಟೇಬಲ್ಲಿನ ಮ್ಯಾಲೆ ಐತಿ.

ಪ್ರಶ್ನೆ: ಬಾರ್ಸಿಲೋನಾ, ಲಿವರ್‌ಪೂಲ್ ಅಭಿಮಾನಿಗಳು ‘ಅಲ್ಲೆಲ್ಲ ಹೀಗಾಗೋದಿಲ್ಲ’ ಎನ್ನುತ್ತಿರಬೇಕು.

ಅಡಿಗಲ್ಲು: ಮೊದಲು ಅಂತಿದ್ರು. 2023ರಾಗ ಬಾರ್ಸಿಲೋನಾ ಕ್ಯಾಂಪ್ ನೋ ರಿಪೇರಿಗೆ ಬಿಟ್ಟು ಗುಡ್ಡದ ಮ್ಯಾಲಿನ ಒಲಿಂಪಿಕ್ ಮೈದಾನಕ್ಕ ಹೋತು. 2024ರ ನವೆಂಬರಿಗೆ ವಾಪಸ್ ಅಂದ್ರು. ಬಂದಿದ್ದು 2025ರ ನವೆಂಬರಿಗೆ, ಅದೂ ಅರ್ಧ ಸೀಟು ತಯಾರಾಗಿ. ಗಂಗಾವತಿ ಹುಡುಗ ವಾರಗಟ್ಟಲೆ ತಲಿ ಎತ್ತಲಿಲ್ಲ. ಲಿವರ್‌ಪೂಲಿನ ಆನ್‌ಫೀಲ್ಡ್ ರೋಡ್ ಸ್ಟ್ಯಾಂಡ್ ಕಟ್ತಿದ್ದ ಗುತ್ತಿಗೆದಾರ ಕಂಪನಿ 2023ರಾಗ ನಡುವ ದಿವಾಳಿ ಆತು. ಕುಷ್ಟಗಿ ಹುಡುಗ ಅವತ್ತು ಎಲ್ಲರಿಗೂ ಚಹಾ ಕುಡಿಸಿದ. ನಮ್ಮ ಗುತ್ತಿಗೆದಾರನೂ, ಅವರ ಗುತ್ತಿಗೆದಾರನೂ ಒಂದ ಲೆವೆಲ್ ಅಂತ ಅಂವಗ ಅಭಿಮಾನ.

ಪ್ರಶ್ನೆ: ಹಾಗಾದರೆ ವಿಳಂಬ ಜಗತ್ತಿನ ಎಲ್ಲೆಡೆ ಇದ್ದದ್ದೇ?

ಅಡಿಗಲ್ಲು: ವಿಳಂಬ ಎಲ್ಲಾ ಕಡೆ ಐತಿ. ಫರಕು ಒಂದ. ಅಲ್ಲಿ ತಪ್ಪಿಸಿದ ತಾರೀಖು ಯಾವುದು ಅಂತ ಅಭಿಮಾನಿಗೆ ಗೊತ್ತಿತ್ತು. 2024ರ ನವೆಂಬರ್ ಅಂದಿದ್ರಿ, ಎಲ್ಲಿ ಅಂತ ಕೇಳಾಕ ಬಂತು. ನನ್ನ ಮುಖ ನೋಡ್ರಿ. ಪೂಜೆ ತಾರೀಖು ಐತಿ, ತಿಥಿ ಐತಿ, ಶುಭ ಮುಹೂರ್ತದ ಗಳಿಗಿ ಐತಿ. ಮುಗಿಸೋ ತಾರೀಖು ಎಲ್ಲೈತಿ? ಕೊಟ್ಟ ಮಾತ ಇಲ್ಲಂದ್ರ ತಪ್ಪಿದ ಮಾತು ಎಲ್ಲಿಂದ ಬರಬೇಕ್ರಿ? ಈ ಹುಡುಗ್ರು ಇಷ್ಟು ದಿನ ಬಡದಾಡಾಕತ್ತಿದ್ದು ಇಲ್ಲದ ತಾರೀಖಿನ ಜೋಡಿ.

ಪ್ರಶ್ನೆ: ಕಲ್ಲಿನ ಮೇಲೆ ಅಂಥದ್ದನ್ನೆಲ್ಲ ಕೆತ್ತುವ ಪದ್ಧತಿ ಎಲ್ಲಿದೆ?

ಅಡಿಗಲ್ಲು: ಕೊಪ್ಪಳದಾಗ ಐತಿ! ಗವಿಮಠದ ಬಂಡಿ ಮ್ಯಾಲೆ, ಪಾಲ್ಕಿಗುಂಡಿನ ಮ್ಯಾಲೆ ಅಶೋಕನ ಶಾಸನ ಅದಾವ. 2200 ವರ್ಷಕ್ಕೂ ಮ್ಯಾಲಾತು. ಜಾತ್ರಿಗೆ ಹೋದವರು ಗವಿಸಿದ್ಧಪ್ಪಗ ಕೈ ಮುಗದು ಬರ್ತಾರ, ಆ ಬಂಡಿ ಕಡೆ ಯಾರೂ ಹೊಳ್ಳಿ ನೋಡಂಗಿಲ್ಲ. ಅದರಾಗ ಏನೈತಿ ಗೊತ್ತೇನ್ರಿ? ಚಕ್ರವರ್ತಿ ಹೇಳ್ಯಾನ: ನಾ ಉಪಾಸಕ ಆಗಿ ಎರಡೂವರಿ ವರ್ಷ ಮ್ಯಾಲಾತು, ಮೊದಮೊದಲು ನಾ ಅಷ್ಟೇನೂ ಮನಸ್ಸಿಟ್ಟು ದುಡೀಲಿಲ್ಲ, ಆಮ್ಯಾಲೆ ಸಂಘದ ಹತ್ರ ಹೋಗಿ ಗಟ್ಟಿಯಾಗಿ ದುಡದೆ, ಫಲ ಸಿಕ್ತು, ಸಣ್ಣವರು ದೊಡ್ಡವರು ಎಲ್ಲಾರೂ ದುಡೀರಿ. ಅರ್ಥ ಆತ್ರಿ? ಅರ್ಧ ಭರತಖಂಡ ಆಳೋ ರಾಜ, ‘ನನ್ನ ಕಡೆಯಿಂದ ತಡ ಆತು’ ಅಂತ ಬಂಡಿ ಮ್ಯಾಲೆ ಕೆತ್ತಿಸ್ಯಾನ. ಅದೂ ಒಂದ ಕಡೆ ಅಲ್ಲ, ಊರೂರಿಗೆ. ನೀವು ಈಗಿನ ಒಂದು ಫಲಕದ ಮ್ಯಾಲೆ ತಡದ ಮಾತು ತೋರಸ್ರಿ, ನಾ ಇಲ್ಲಿಂದ ಎದ್ದು ಹೋಗ್ತೀನಿ.

ಪ್ರಶ್ನೆ: ಚಕ್ರವರ್ತಿಗೆ ಚುನಾವಣೆ ಇರಲಿಲ್ಲ.

ಅಡಿಗಲ್ಲು: ಆತು, ಚುನಾವಣೆ ಕಾಲದ್ದ ಹೇಳ್ತೀನಿ. ಮುನಿರಾಬಾದಿನ ತುಂಗಭದ್ರಾ ಆಣೆಕಟ್ಟಿಗೆ 1945ರ ಫೆಬ್ರುವರಿ 28ಕ್ಕ ಅಡಿಗಲ್ಲು. ಈ ದಂಡಿ ಹೈದರಾಬಾದ್ ನಿಜಾಮಂದು, ಆ ದಂಡಿ ಮದ್ರಾಸ್ ಪ್ರಾಂತ್ಯದ್ದು. ನಡುವ ಬ್ರಿಟಿಷರು ಹೋದ್ರು, ನಿಜಾಮನ ಆಳಿಕಿ ಹೋತು, 1952ರಾಗ ಮೊದಲನೇ ಚುನಾವಣೆ ಬಂತು. ಕಟ್ಟಿಸಾಕ ಕುಂತ ಎರಡೂ ಸರ್ಕಾರ ಬದಲಾದವು. ಸುರ್ಕಿ ಗಾರೆ ಹಾಕಿ ಕಲ್ಲು ಮ್ಯಾಲೆ ಕಲ್ಲು ಇಡೋದು ನಿಲ್ಲಲಿಲ್ಲ, 1953ಕ್ಕ ನೀರು ಹರೀತು. ಅಲ್ಲಿನ ಕಲ್ಲುಗಳು ನನಗ ದೊಡ್ಡಪ್ಪ ಚಿಕ್ಕಪ್ಪ ಆಗಬೇಕು. ‘ರಾಜ್ಯ ಬದಲಾದ್ರೂ ನಾವು ಎದ್ದು ನಿಂತಿವಿ, ನೀ ಒಂದು ದರಪಟ್ಟಿ ಬದಲಾಗಿದ್ದಕ್ಕ ಮಲಕೊಂಡಿಯೇನೋ’ ಅಂತ ಕಾಡಸ್ತಾರ.

ಪ್ರಶ್ನೆ: ಅದು ಹಳೆಯ ಕಾಲ.

ಅಡಿಗಲ್ಲು: 2024 ಹಳೇದೇನ್ರಿ? ಆಗಸ್ಟ್ 10ರ ರಾತ್ರಿ ಅದ ಆಣೆಕಟ್ಟಿನ 19ನೇ ಕ್ರಸ್ಟ್ ಗೇಟಿನ ಚೈನು ಹರದು ಗೇಟು ಕೊಚ್ಚಿಕೊಂಡು ಹೋತು. ಹರಿಯೋ ನೀರಿನೊಳಗ ಕನ್ನಯ್ಯ ನಾಯ್ಡು ಅನ್ನೋ ಹಿರೇ ತಜ್ಞರ ಕೈಯಾಗ ಸ್ಟಾಪ್‌ಲಾಗ್ ಇಳಿಸಿ, ಒಂದ ವಾರದಾಗ ನೀರು ನಿಲ್ಲಿಸಿದ್ರು. ಇದ ಜಿಲ್ಲಾ, ಇದ ಇಲಾಖೆಗಳು, ಇದ ನಿಯಮ. ಆವಾಗ ದರಪಟ್ಟಿ ಯಾರಿಗೂ ನೆನಪಾಗಲಿಲ್ಲ, ಯಾಕಂದ್ರ ಭತ್ತದ ನೀರು ಹರದು ಹೋಗಾಕತ್ತಿತ್ತು. ಹುಡುಗ್ರ ವಯಸ್ಸು ಹರದು ಹೋದ್ರ ಸಪ್ಪಳ ಬರಂಗಿಲ್ಲ. ಇಲ್ಲಿ ಪೂಜೆ ದಿನ ಪೆಂಡಾಲ್ ಕಂಬ ಹಿಡಕೊಂಡು ಜೋತಾಡ್ತಿದ್ದ ಹುಡುಗ ಈಗ ಬಳ್ಳಾರಿಯೊಳಗ ಫೈನಾನ್ಸ್ ಕಂಪನಿ ಕೆಲಸದಾಗ ಅದಾನ. ಎಡಗಾಲಾಂವ, ಛಲೋ ಆಡತಿದ್ದ.

ಪ್ರಶ್ನೆ: ಆದರೂ ಗ್ಯಾಲರಿ ಬೇಕಲ್ಲ. ಜನ ಎಲ್ಲಿ ಕೂರಬೇಕು?

ಅಡಿಗಲ್ಲು: ಮಂದಿ ಕುಂದ್ರೋ ಚಿಂತಿ ಕೊಪ್ಪಳಕ್ಕ ಹೇಳಿಕೊಡ್ತೀರೇನು? ಜನವರಿಯಾಗ ಗವಿಮಠದ ಜಾತ್ರಿ ನೋಡ್ರಿ. ಲಕ್ಷಗಟ್ಟಲೆ ಮಂದಿ. ಹಳ್ಳಿ ಹಳ್ಳಿಯಿಂದ ರೊಟ್ಟಿ ಬರತಾವ, ದಾಸೋಹ ನಡೀತೈತಿ, ಬಯಲಾಗ, ಬಂಡಿ ಮ್ಯಾಲೆ ಕುಂತು ಕಾರ್ಯಕ್ರಮ ನೋಡ್ತಾರ. ಈ ಭಾಗದ ಮಂದಿಗೆ ಕುಂದ್ರಾಕ ಕಾಂಕ್ರೀಟ್ ಬೇಕಾಗಿಲ್ಲ. ನೋಡಾಕ ಏನರ ಬೇಕು.

ಪ್ರಶ್ನೆ: ಇದು ವಿಸ್ತರಣೆಯ ವಿರುದ್ಧದ ಮಾತಾಯಿತು. ಅಡಿಗಲ್ಲಿನ ಬಾಯಲ್ಲೇ!

ಅಡಿಗಲ್ಲು: ವಿರುದ್ಧ ಅಲ್ರಿ, ಲೆಕ್ಕ. ಮೈದಾನದ ಅಳತಿ 105 ಮೀಟರ್ ಉದ್ದ, 68 ಮೀಟರ್ ಅಗಲ ಇರಬೇಕು ಅಂತಾರ. ಆ ಜಾಗದಾಗ ಹುಲ್ಲು ಎಲ್ಲೈತಿ? ಉತ್ತರದ ಗೋಲ್ ಮುಂದ ಹಾಸಗಲ್ಲು ಎದ್ದೈತಿ. ಕೀಪರ್ ಡೈವ್ ಹೊಡದ್ರ ಮೊಣಕೈ ತರಚಿ ಸೋಮವಾರ ಕಾಲೇಜಿಗೆ ತುಂಬು ತೋಳಿನ ಅಂಗಿ ಹಾಕ್ಕೊಂಡು ಹೋಗ್ತಾನ. ಕಂಬ ಅದಾವ, ಬಲಿ ಇಲ್ಲ. ಗೋಲ್ ಆತೋ ಹೊರಗ ಹೋತೋ ಅಂತ ಅರ್ಧ ಆಟ ಅದರ ಮ್ಯಾಲೇ ಜಗಳ. ಈಗ ಹೇಳ್ರಿ, ಹುಲ್ಲಿಗೆ ನೀರು ಹಾಕೋ ಮಾಲಿಗೆ ಪಗಾರ ಕೊಡಾಕ ರೊಕ್ಕ ಯಾಕಿಲ್ಲ, ಗ್ಯಾಲರಿಗೆ ಯಾಕೈತಿ?

ಪ್ರಶ್ನೆ: ಯಾಕೆ?

ಅಡಿಗಲ್ಲು: ಗ್ಯಾಲರಿ ಬಂಡವಾಳ ವೆಚ್ಚ. ಅಡಿಗಲ್ಲು ಹಾಕಬಹುದು, ಉದ್ಘಾಟನೆ ಮಾಡಬಹುದು, ಎರಡು ಸಲ ಶಾಲು ಹೊಚ್ಚಬಹುದು. ಹುಲ್ಲು ನಿರ್ವಹಣೆ. ದಿನಾ ಮುಂಜಾನೆ ಪೈಪು ಹಿಡಿಯೋದಕ್ಕ ರಿಬ್ಬನ್ ಕತ್ತರಿಸಾಕ ಬರಂಗಿಲ್ಲ. ಸಂವಿಧಾನದ 371ಜೆ ಬಂತು, ಕಲ್ಯಾಣ ಕರ್ನಾಟಕದ ಅಭಿವೃದ್ಧಿ ಮಂಡಳಿಗೆ ರೊಕ್ಕ ಬರತೈತಿ, ಬರಲಿ. ಕಟ್ಟಡಕ್ಕ ಬಂದ ರೊಕ್ಕ ಕಟ್ಟಡ ಆಗತೈತಿ, ನೀರಾಗಂಗಿಲ್ಲ. ಅಭಿಮಾನಿಗಳೂ ಅದನ್ನ ಕೇಳಂಗಿಲ್ಲ. ಅವರಿಗೂ ಕುಂದ್ರೋದ ಮುಖ್ಯ. ಆಡೋ ಹುಡುಗ್ರು ಹನ್ನೊಂದು ಹನ್ನೊಂದು ಇಪ್ಪತ್ತೆರಡು ಮಂದಿ, ನೋಡೋರು ನೂರಾರು. ಓಟು ಯಾವ ಕಡೆ ಹೆಚ್ಚದಾವ?

ಪ್ರಶ್ನೆ: ವಿಳಂಬದಿಂದ ಲಾಭ ಯಾರಿಗೆ?

ಅಡಿಗಲ್ಲು: ಎಲ್ಲಾರಿಗೂ. ಆಳೋರಿಗೆ ಮುಂದಿನ ಸಲದ ಪ್ರಣಾಳಿಕೆಯೊಳಗ ಒಂದು ಸಾಲು. ವಿರೋಧ ಪಕ್ಷಕ್ಕ ಒಂದು ಪತ್ರಿಕಾಗೋಷ್ಠಿ. ಗುತ್ತಿಗೆದಾರಗ ದರ ಏರಿಕೆ. ಮಿರ್ಚಿ ಅಂಗಡಿಯಕ್ಕಗ ಭಾನುವಾರದ ವ್ಯಾಪಾರ. ಅಭಿಮಾನಿಗೆ ಸೋಲಿಗೊಂದು ಕಾರಣ. ಹೋದ ತಿಂಗಳು ನಮ್ಮವರು ಐದು ಗೋಲಿಲೆ ಸೋತ್ರು. ‘ಸ್ಟೇಡಿಯಂ ಇದ್ದಿದ್ರ ಹಿಂಗಾಗ್ತಿತ್ತೇನು?’ ಅಂದ್ರು. ಐದನೇ ಗೋಲು ಹೊಡಿಸಿಕೊಂಡಾಗ ನಮ್ಮ ಬ್ಯಾಕು ನನ್ನ ಮ್ಯಾಲೆ ಕಾಲಿಟ್ಟು ಬೂಟಿನ ಲೇಸು ಕಟ್ಟಾಕತ್ತಿದ್ದ. ನಾನ ಸಾಕ್ಷಿ.

ಪ್ರಶ್ನೆ: ಹಾಗಾದರೆ ಪರಿಹಾರ? ಕಲ್ಲಿನಂಥ ಮಾತು ಬೇಡ, ಆಗುವಂಥದ್ದು ಹೇಳಿ.

ಅಡಿಗಲ್ಲು: ಮೂರ ಸಾಲು ಸಾಕು. ಇನ್ನಮ್ಯಾಲೆ ಅಡಿಗಲ್ಲು ಹಾಕೋದಾದ್ರ ಮೊದಲ ಸಾಲಿನಾಗ ಮುಗಿಸೋ ತಾರೀಖು ಕೆತ್ತರಿ. ಎರಡನೇ ಸಾಲಿನಾಗ ಮಂಜೂರಾದ ಮೊತ್ತ, ಯಾವ ಲೆಕ್ಕ ಶೀರ್ಷಿಕೆ ಅನ್ನೋದು. ಮೂರನೇ ಸಾಲು ಖಾಲಿ ಬಿಡ್ರಿ, ತಡ ಆದ್ರ ಯಾಕ ತಡ ಆತು ಅಂತ ಆಮ್ಯಾಲೆ ಕೆತ್ತಾಕ. ಅಶೋಕ ಮಾಡ್ಯಾನ, ಇವರಿಗೇನು ಕಷ್ಟ? ಹೆಸರುಗಳು ಕಾಮಗಾರಿ ಮುಗದ ಮ್ಯಾಲೆ ಹಿಂಬದಿಗೆ ಬರಲಿ. ಇಟಗಿ ಮಹಾದೇವಂಗ ನಡದಿದ್ದು ಇವರಿಗೂ ನಡೀಲಿ.

ಪ್ರಶ್ನೆ: ಹೊಸ ಕಲ್ಲುಗಳಿಗೆ ಸರಿ. ನಿಮ್ಮ ವಿಷಯ?

ಅಡಿಗಲ್ಲು: ನನ್ನ ವಿಷಯಕ್ಕ ಮಾಹಿತಿ ಹಕ್ಕು ಐತಿ. 2005ರ ಕಾಯ್ದೆ, ಹತ್ತು ರೂಪಾಯಿ ಶುಲ್ಕ, 30 ದಿನದಾಗ ಉತ್ತರ. ಈ ಕಾಮಗಾರಿಯ ಕಾರ್ಯಾದೇಶ ಆಗೇತೇನು, ಆಗಿದ್ರ ಮುಗಿಸೋ ಅವಧಿ ಎಷ್ಟು, ಅಳತಿ ಪುಸ್ತಕದಾಗ ಈ ಮಟ ಏನು ಬರದೀರಿ? ಇಷ್ಟ ಕೇಳಬೇಕು. ಇಷ್ಟು ಭಾನುವಾರದ ಮಾತಿಗೆ ಸಿಗಲಾರದ ಉತ್ತರ ಒಂದು ಹಾಳಿಗೆ ಸಿಗಬಹುದು. ಸಿಗಲಿಲ್ಲಂದ್ರ ಮೇಲ್ಮನವಿ ಐತಿ.

ಪ್ರಶ್ನೆ: ಹುಡುಗರಿಗೆ ಹೇಳಿದಿರಾ?

ಅಡಿಗಲ್ಲು: ನಾ ಹೇಳಿದ್ರ ಕೇಳ್ತಾರೇನು? ಹಾದಿ ಹೋಕ ರಿಟೈರ್ಡ್ ಮಾಸ್ತರೊಬ್ಬರು ಹೇಳಿ ಹೋದ್ರು. ನಾಲ್ವರೂ ಹುರುಪಿನಿಂದ ಬರಿಯಾಕ ಕುಂತ್ರು. ಕರ್ನಾಟಕದ ನಿಯಮದಾಗ ಒಂದು ಅರ್ಜಿಗೆ ಒಂದ ವಿಷಯ, 150 ಪದ ಮೀರಬಾರದು. ಅಲ್ಲಿ ಸಿಕ್ಕೊಂಡ್ರು. ಕೊಪ್ಪಳದಾಂವ ಜಿಲ್ಲಾ ಕೇಂದ್ರದ ಮಹತ್ವ ಹೇಳೋದ್ರೊಳಗ ಎಂಬತ್ತು ಪದ ಮುಗದು ಹೋದವು. ಗಂಗಾವತಿಯಾಂವ ಕಿಷ್ಕಿಂಧಾ ಜಿಲ್ಲಾ ಸೇರಸ್ರಿ ಅಂದ. ಕುಷ್ಟಗಿಯಾಂವ ಕಲ್ಲಿನ ರಾಜಧನ ಎಲ್ಲಿ ಹೋಗತೈತಿ ಅಂತ ಕೇಳೋಣ ಅಂದ. ಯಲಬುರ್ಗಾದಾಂವ ಅರ್ಜಿ ಕಸಗೊಂಡು ಎಲ್ಲಾ ಹೊಡದು ಹಾಕಿ, ‘ಹುಲ್ಲಿಗೆ ನೀರು ಯಾವಾಗ ಬಿಡ್ತೀರಿ’ ಅಂತ ನಾಲ್ಕ ಪದ ಬರದ. ಉಳಿದವರು ಅದು ವಿಸ್ತರಣೆಗೆ ಸಂಬಂಧಿಸಿಲ್ಲ ಅಂದ್ರು.

ಪ್ರಶ್ನೆ: ಕೊನೆಗೆ ಅರ್ಜಿ ಹೋಯಿತೋ ಇಲ್ಲವೋ?

ಅಡಿಗಲ್ಲು: ಹೋಗತೈತ್ರಿ. ಒಕ್ಕಣೆ ಹೋದ ಭಾನುವಾರ ಒಪ್ಪಿಗೆ ಆತು, ಮಾಸ್ತರ ತಿದ್ದಿ ಕೊಟ್ಟರು. ಈಗ ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಯಾವ ತಾಲೂಕಿನಾಂವ ತರಬೇಕು ಅನ್ನೋದರ ಮ್ಯಾಲೆ ಉಪಸಮಿತಿ ಮಾಡ್ಯಾರ. ವರದಿ ಕೊಡಾಕ ತಾರೀಖು ನಿಗದಿ ಮಾಡಿಲ್ಲ.